ಬೆಳ್ಳಿಯಲ್ಲಿ ಕಪ್ಪು, ಕಪ್ಪಿನಲ್ಲಿ ಬೆಳ್ಳಿ: ನಿಯೆಲ್ಲೊ, ಬಿದ್ರಿ ಮತ್ತು ಬೆಲೆಯ ಲೆಕ್ಕ

ಕಪ್ಪು ಮತ್ತು ಬೆಳ್ಳಿ, ಎರಡೇ ಬಣ್ಣ. ನೋಡುವುದಕ್ಕೆ ಅಕ್ಕ ತಂಗಿಯರಂತೆ ಇರುವ ಎರಡು ಲೋಹದ ಕೆಲಸಗಳಿವೆ. ಒಂದರ ಹೆಸರು ನಿಯೆಲ್ಲೊ. ಇದು ಯುರೋಪ್, ರಷ್ಯಾ, ಇರಾಕ್, ಥಾಯ್ಲೆಂಡ್ ಕಡೆಯದು. ಇನ್ನೊಂದು ನಮ್ಮದೇ ರಾಜ್ಯದ ಬೀದರ್‌ನ ಬಿದ್ರಿ. ನಿಯೆಲ್ಲೊದಲ್ಲಿ ವಸ್ತು ಬೆಳ್ಳಿಯದು, ಚಿತ್ತಾರ ಕಪ್ಪು. ಬಿದ್ರಿಯಲ್ಲಿ ವಸ್ತು ಕಪ್ಪು, ಚಿತ್ತಾರ ಬೆಳ್ಳಿಯದು. ಫೋಟೋದಲ್ಲಿ ನೋಡಿದರೆ ಈ ವ್ಯತ್ಯಾಸ ಸಣ್ಣದು ಅನ್ನಿಸುತ್ತದೆ. ವ್ಯಾಪಾರದ ಲೆಕ್ಕದಲ್ಲಿ ನೋಡಿದರೆ ಬಹಳ ದೊಡ್ಡದು.

ಏಕೆಂದರೆ ನಿಯೆಲ್ಲೊ ವಸ್ತುವನ್ನು ತಕ್ಕಡಿಗೆ ಹಾಕಿದರೆ ಬೆಳ್ಳಿಯ ಬೆಲೆ ಬರುತ್ತದೆ. ಬಿದ್ರಿ ವಸ್ತುವನ್ನು ತಕ್ಕಡಿಗೆ ಹಾಕಿದರೆ ಬರುವುದು ಸತುವಿನ ಬೆಲೆ. ಆದರೂ ಪ್ರಪಂಚದ ದೊಡ್ಡ ವಸ್ತುಸಂಗ್ರಹಾಲಯಗಳು ಬಿದ್ರಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುತ್ತವೆ, ಸಂಗ್ರಾಹಕರು ಹರಾಜಿನಲ್ಲಿ ಕೂಗಿ ಕೊಳ್ಳುತ್ತಾರೆ. ಹಾಗಾದರೆ ಅವರು ಕೊಡುವ ದುಡ್ಡು ಯಾವುದಕ್ಕೆ? ವಾಣಿಜ್ಯ ವಿದ್ಯಾರ್ಥಿಯಾದ ನನಗೆ ಈ ವಿಷಯ ಹಿಡಿಸಿದ್ದು ಈ ಪ್ರಶ್ನೆಯಿಂದ.

ಮೊದಲು ನಿಯೆಲ್ಲೊ

ನಿಯೆಲ್ಲೊ ಇಟಲಿಯ ಮಾತು. ಕಪ್ಪು ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಬೆಳ್ಳಿಯ ಗೆಜ್ಜೆ, ಉಂಗುರ ಕಪ್ಪಾಗುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ತಾಗಿ ಬೆಳ್ಳಿಯ ಸಲ್ಫೈಡ್ ಆಗುತ್ತದೆ, ಅದೇ ಆ ಕಪ್ಪು. ನಮ್ಮ ಮನೆಗಳಲ್ಲಿ ಅದನ್ನು ತಿಕ್ಕಿ ತೆಗೆಯುತ್ತೇವೆ. ನಿಯೆಲ್ಲೊ ಮಾಡುವವರು ಅದೇ ಬಗೆಯ ಕಪ್ಪನ್ನು ಬೇಕೆಂದೇ ತಯಾರಿಸಿ, ಬೇಕಾದ ಜಾಗದಲ್ಲಿ ಮಾತ್ರ ಕೂರಿಸುತ್ತಾರೆ.

ಬೆಳ್ಳಿ, ತಾಮ್ರ, ಸೀಸ ಮೂರನ್ನೂ ಕರಗಿಸಿ ಗಂಧಕದೊಂದಿಗೆ ಸೇರಿಸಿದರೆ ಕಪ್ಪನೆಯ, ಪೆಡಸಾದ ಗಟ್ಟಿ ಸಿಗುತ್ತದೆ. 16ನೇ ಶತಮಾನದ ಇಟಲಿಯ ಪ್ರಸಿದ್ಧ ಅಕ್ಕಸಾಲಿಗ ಬೆನ್ವೆನೂತೊ ಚೆಲ್ಲೀನಿ ಬರೆದಿಟ್ಟ ಪ್ರಮಾಣ ಬೆಳ್ಳಿ 1 ಭಾಗ, ತಾಮ್ರ 2 ಭಾಗ, ಸೀಸ 3 ಭಾಗ. ಆ ಗಟ್ಟಿಯನ್ನು ಕುಟ್ಟಿ ಪುಡಿ ಮಾಡಿ, ಬೆಳ್ಳಿಯ ಮೇಲೆ ಉಳಿಯಿಂದ ಕೊರೆದ ಗೆರೆಗಳಲ್ಲಿ ತುಂಬಿ ಬಿಸಿ ಮಾಡುತ್ತಾರೆ. ಪುಡಿ ಕರಗಿ ಗೆರೆಯೊಳಗೆ ಹರಿದು ಕಚ್ಚಿಕೊಳ್ಳುತ್ತದೆ. ಆರಿದ ಮೇಲೆ ಹೆಚ್ಚಾದದ್ದನ್ನು ಅರದಿಂದ ಉಜ್ಜಿದರೆ ಬೆಳ್ಳಿಯ ನೆಲದಲ್ಲಿ ಕಪ್ಪು ಚಿತ್ರ ಉಳಿಯುತ್ತದೆ. ಕೈಯಿಂದ ಸವರಿದರೆ ಏರು ತಗ್ಗು ಗೊತ್ತಾಗಬಾರದು, ಹಾಗಿದ್ದರೆ ಅದು ಒಳ್ಳೆಯ ಕೆಲಸ.

ರಷ್ಯಾದ ವೆಲಿಕಿ ಉಸ್ತ್ಯುಗ್ ಎಂಬ ಊರು ಇದಕ್ಕೆ ಹೆಸರುವಾಸಿ. ದಾಗೆಸ್ತಾನ್‌ನ ಗುಡ್ಡದ ಮೇಲಿನ ಮುಸ್ಲಿಮರ ಹಳ್ಳಿ ಕುಬಾಚಿ, ಖಂಜರ್‌ಗಳ ಹಿಡಿ ಮತ್ತು ಒರೆಯ ಮೇಲಿನ ನಿಯೆಲ್ಲೊಗೆ ಪ್ರಸಿದ್ಧ. ದಕ್ಷಿಣ ಇರಾಕಿನ ಅಮಾರಾ ಕಡೆಯ ಮಂದಾಯಿ ಅಕ್ಕಸಾಲಿಗರು ಟೈಗ್ರಿಸ್ ನದಿಯ ದೋಣಿ, ಖರ್ಜೂರದ ಮರ, ಒಂಟೆ ಇವನ್ನು ಸಿಗರೇಟು ಪೆಟ್ಟಿಗೆಗಳ ಮೇಲೆ ಬಿಡಿಸಿದರು. ಮೊದಲ ಮಹಾಯುದ್ಧಕ್ಕೆ ಅಲ್ಲಿಗೆ ಹೋದ ಬ್ರಿಟಿಷ್ ಸೈನಿಕರು ಅವನ್ನು ನೆನಪಿಗೆಂದು ಕೊಂಡು ತಂದರು. ಇಂದು ಇಂಗ್ಲೆಂಡಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಕಾಣುವ ನಿಯೆಲ್ಲೊದಲ್ಲಿ ಇಂಥವೂ ಇವೆ.

ನಮ್ಮ ದೇಶದಲ್ಲಿ ನಿಯೆಲ್ಲೊದಂತೆ ಕಾಣುವ ಇನ್ನೊಂದು ಕೆಲಸ ಮೊರಾದಾಬಾದಿನ ಹಿತ್ತಾಳೆಯದು. ಹಿತ್ತಾಳೆಯಲ್ಲಿ ಗೆರೆ ಕೊರೆದು ಕಪ್ಪು ಅರಗು ತುಂಬುತ್ತಾರೆ. ಅಂಥ ಹೂದಾನಿ, ತಟ್ಟೆ ನಮ್ಮಲ್ಲಿ ಎಷ್ಟೋ ಮನೆಗಳ ಶೋಕೇಸಿನಲ್ಲಿವೆ. ಅರಗು ಬಿಸಿಗೆ ಮೆತ್ತಗಾಗಿ ಕಿತ್ತು ಬರುತ್ತದೆ. ನಿಯೆಲ್ಲೊ ಹಾಗೆ ಬರುವುದಿಲ್ಲ, ಅದು ಲೋಹದ ಜೊತೆ ಬೆಸೆದುಕೊಂಡಿರುತ್ತದೆ.

ಬಿದ್ರಿ: ಕಪ್ಪು ಕೊನೆಗೆ ಬರುತ್ತದೆ

ಬಿದ್ರಿಯ ಕೆಲಸ ತಿಳಿಯಲು ಒಂದು ಮಾತನ್ನು ಮೊದಲೇ ನೆನಪಿಡಬೇಕು. ಅದರ ಕಪ್ಪು ಬಣ್ಣವಲ್ಲ, ತುಂಬಿದ್ದೂ ಅಲ್ಲ. ಆ ಲೋಹದ ಮೈಯೇ ಕಪ್ಪಾಗಿ ತಿರುಗಿದ್ದು.

ಲೋಹದಲ್ಲಿ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16 ಪಾಲು ಸತುವಿಗೆ 1 ಪಾಲು ತಾಮ್ರ. ಹಿತ್ತಾಳೆಯಲ್ಲಿ ತಾಮ್ರ ಹೆಚ್ಚು, ಸತು ಕಡಿಮೆ, ಇದು ತಿರುವುಮುರುವು. ಮರಳುಮಣ್ಣಿಗೆ ಹರಳೆಣ್ಣೆ ಮತ್ತು ರಾಳ ಸೇರಿಸಿ ಹದ ಮಾಡಿ ಅಚ್ಚು ತಯಾರಿಸುತ್ತಾರೆ, ಅದರಲ್ಲಿ ಕರಗಿದ ಲೋಹ ಹೊಯ್ಯುತ್ತಾರೆ. ಹೊರಬಂದ ಹೂಜಿಯೋ ತಟ್ಟೆಯೋ ಒರಟಾಗಿ, ಬೂದು ಬಣ್ಣದಲ್ಲಿರುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ.

ಈಗ ಮೈಲುತುತ್ತದ ನೀರು ಹಚ್ಚುತ್ತಾರೆ. ನಮ್ಮ ತೆಂಗು ಅಡಿಕೆ ಸೀಮೆಯವರಿಗೆ ಮೈಲುತುತ್ತ ಹೊಸತಲ್ಲ, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡುವ ಅದೇ ನೀಲಿ ಹರಳು. ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ಓದಿದ ಸ್ಥಾನಪಲ್ಲಟ ಕ್ರಿಯೆ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ತಾಮ್ರಕ್ಕಿಂತ ಸತು ಹೆಚ್ಚು ಚುರುಕು, ಆದ್ದರಿಂದ ದ್ರಾವಣದ ತಾಮ್ರವನ್ನು ಹೊರದಬ್ಬಿ ತಾನು ಸೇರಿಕೊಳ್ಳುತ್ತದೆ. ಹೊರಬಿದ್ದ ತಾಮ್ರ ಮೈಮೇಲೆ ಕಪ್ಪಗೆ ಕೂರುತ್ತದೆ. ಇದು ತಾತ್ಕಾಲಿಕ ಕಪ್ಪು, ಸ್ಲೇಟಿನಂತೆ. ಇದರ ಮೇಲೆ ಚೂಪಾದ ಮೊನೆಯಿಂದ ಚಿತ್ತಾರ ಗೀಚಿದರೆ ಬೆಳ್ಳಗೆ ಕಾಣುತ್ತದೆ.

ಆಮೇಲೆ ಉಳಿ. ಗೀಚಿದ ಗೆರೆಯನ್ನು ಸಣ್ಣ ಉಳಿಗಳಿಂದ ಕೊರೆಯುತ್ತಾರೆ. ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಬೆಳ್ಳಿ ಮೆತ್ತಗಿರುವುದರಿಂದ ಏಟಿಗೆ ಹರಡಿ ಕಾಲುವೆಯ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಒಂದು ಹೂವಿಗೆ ಹತ್ತಾರು ತುಂಡು ತಂತಿ ಬೇಕಾಗಬಹುದು. ದಿನಗಳು ಹಿಡಿಯುವುದು ಇಲ್ಲೇ.

ತಂತಿ ಕೂತ ಮೇಲೆ ಮತ್ತೆ ಉಜ್ಜುತ್ತಾರೆ, ತಾತ್ಕಾಲಿಕ ಕಪ್ಪು ಹೋಗುತ್ತದೆ. ಆಗ ವಸ್ತುವನ್ನು ನೋಡಿದರೆ ನಿರಾಸೆ. ಬೂದು ಲೋಹದಲ್ಲಿ ಬಿಳಿ ಬೆಳ್ಳಿ, ಎರಡೂ ಹೆಚ್ಚು ಕಡಿಮೆ ಒಂದೇ ಬಣ್ಣ, ಅಷ್ಟು ದಿನದ ಕೆಲಸ ಕಾಣುವುದೇ ಇಲ್ಲ.

ಕೊನೆಯ ಹಂತಕ್ಕೆ ಬೀದರ್ ಕೋಟೆಯ ಮಣ್ಣು ಬೇಕು. ಕೋಟೆಯೊಳಗೆ ಬಹುಕಾಲ ಬಿಸಿಲು ಮಳೆ ಕಾಣದ ಜಾಗದ ಹಳೆಯ ಮಣ್ಣು ಒಳ್ಳೆಯದೆಂದು ಕುಶಲಕರ್ಮಿಗಳು ಹೇಳುತ್ತಾರೆ. ಅದು ಸರಿಯಾದ ಮಣ್ಣೋ ಅಲ್ಲವೋ ಎಂದು ನಾಲಿಗೆಗೆ ಹಚ್ಚಿ ನೋಡುವವರಿದ್ದಾರೆ. ಮಣ್ಣಿನಲ್ಲಿರುವ ಉಪ್ಪಿನಂಶವೇ ಅವರಿಗೆ ಬೇಕಾದದ್ದು. ಈ ಮಣ್ಣಿಗೆ ನವಸಾಗರ ಮತ್ತು ನೀರು ಸೇರಿಸುತ್ತಾರೆ. ನವಸಾಗರ ಎಂದರೆ ಹಿಂದೆ ಬೀದಿಗೆ ಬರುತ್ತಿದ್ದ ಕಲಾಯಿಯವರು ಪಾತ್ರೆಗೆ ಹಾಕಿ ಹೊಗೆ ಎಬ್ಬಿಸುತ್ತಿದ್ದ ಅದೇ ಬಿಳಿ ಪುಡಿ. ಬಿಸಿ ಮಾಡಿದ ವಸ್ತುವಿಗೆ ಈ ಮಿಶ್ರಣ ತಾಗಿದಾಗ ಸತುವಿನ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತಾಮ್ರವಿಲ್ಲದ ಬರೀ ಸತುವಿಗೆ ಈ ಕಪ್ಪು ಹಿಡಿಯುವುದಿಲ್ಲ. ಆ ಹದಿನಾರಕ್ಕೊಂದು ಪಾಲು ತಾಮ್ರದ ಕೆಲಸ ಅದು. ತೊಳೆದು ಎಣ್ಣೆ ಸವರಿದರೆ ಕಪ್ಪು ಇನ್ನೂ ಗಾಢವಾಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ವಸ್ತುವಿನಲ್ಲಿ ಅತಿ ದುಬಾರಿಯಾದದ್ದು ಬೆಳ್ಳಿ. ಆದರೆ ಬೆಳ್ಳಿ ಕಾಣುವಂತೆ ಮಾಡುವುದು ಮಣ್ಣು.

ಹೆಸರುಗಳು

ಬಿದ್ರಿಯಲ್ಲಿ ಕೆಲಸದ ಬಗೆಗಳಿಗೆ ಪಾರ್ಸಿಯಿಂದ ಬಂದ ಹೆಸರುಗಳಿವೆ. ಮನೆಯಲ್ಲಿ ಉರ್ದು ಮಾತಾಡುವ ನಮ್ಮಂಥವರಿಗೆ ಅರ್ಧ ಅರ್ಥ ಅಲ್ಲೇ ಸಿಗುತ್ತದೆ. ತಾರ್ಕಶಿ ಎಂದರೆ ತಂತಿಯ ಕೆಲಸ, ತಾರ್ ಎಂದರೆ ತಂತಿ ತಾನೇ. ತಹನಿಶಾನ್‌ನಲ್ಲಿ ತಂತಿಯ ಬದಲು ಬೆಳ್ಳಿಯ ತಗಡನ್ನು ಎಲೆ, ಹೂವಿನ ಆಕಾರಕ್ಕೆ ಕತ್ತರಿಸಿ, ಅಷ್ಟೇ ಅಗಲದ ತಗ್ಗು ತೋಡಿ ಕೂರಿಸುತ್ತಾರೆ. ನಿಶಾನ್ ಎಂದರೆ ನಮ್ಮ ಮಾತಿನಲ್ಲಿ ಗುರುತು, ಆದರೆ ಇಲ್ಲಿ ಅದರ ಹಳೆಯ ಪಾರ್ಸಿ ಅರ್ಥ ಕೂರಿಸುವುದು ಎಂದು. ಬೆಳ್ಳಿ ಮೈಮಟ್ಟಕ್ಕಿಂತ ಸ್ವಲ್ಪ ಉಬ್ಬಿದ್ದರೆ ಜರ್‌ನಿಶಾನ್, ಚೆನ್ನಾಗಿ ಎದ್ದು ನಿಂತಿದ್ದರೆ ಜರ್‌ಬುಲಂದ್.

ಆಫ್ತಾಬಿ ಎಂಬುದು ಇವೆಲ್ಲಕ್ಕಿಂತ ಬೇರೆ. ಇದರಲ್ಲಿ ಬೆಳ್ಳಿಯ ತಗಡಿನೊಳಗೆ ಹೂಬಳ್ಳಿಯ ಆಕಾರವನ್ನೇ ಕತ್ತರಿಸಿ ತೆಗೆದು, ಉಳಿದ ತಗಡನ್ನು ವಸ್ತುವಿನ ಮೈಗೆ ಹೊದಿಸುತ್ತಾರೆ. ಹಾಗಾಗಿ ನೆಲ ಬೆಳ್ಳಿ, ಹೂವು ಕಪ್ಪು. ದೂರದಿಂದ ನೋಡಿದರೆ ಥೇಟ್ ನಿಯೆಲ್ಲೊ. ಬಿದ್ರಿಯನ್ನು ನಿಯೆಲ್ಲೊ ಎಂದು ತಪ್ಪು ತಿಳಿಯುವ ಸಾಧ್ಯತೆ ಹೆಚ್ಚು ಇರುವುದು ಇದರಲ್ಲೇ. ಕೈಗೆತ್ತಿಕೊಂಡು ತಳವನ್ನೋ ಒಳಮೈಯನ್ನೋ ನೋಡಬೇಕು. ನಿಯೆಲ್ಲೊ ಒಳಗೂ ಬೆಳ್ಳಿ. ಬಿದ್ರಿ ಒಳಗೆ ಸತುವಿನ ಬೂದು ಬಣ್ಣ.

ತೆಂಗಿನಕಾಯಿಯಿಂದ ಹುಕ್ಕಾಕ್ಕೆ

ಸಂಗ್ರಾಹಕರು ಬಹಳ ಆಸೆಪಡುವ ಬಿದ್ರಿ ವಸ್ತು ಎಂದರೆ ಹಳೆಯ ಹುಕ್ಕಾದ ಬುಡ, ಅಂದರೆ ಗುಡುಗುಡಿಯಲ್ಲಿ ನೀರು ತುಂಬುವ ಪಾತ್ರೆ. ಈ ವಿಷಯದಲ್ಲಿ ಬೋರನಕಣಿವೆ, ಹುಳಿಯಾರು, ತಿಪಟೂರು ಕಡೆಯ ನಮಗೆ ಸ್ವಲ್ಪ ಹಕ್ಕಿದೆ. ಅರಬ್ ಮತ್ತು ತುರ್ಕಿ ನಾಡುಗಳಲ್ಲಿ ಹುಕ್ಕಾಕ್ಕೆ ನಾರ್ಗಿಲೆ ಎನ್ನುತ್ತಾರೆ. ಪಾರ್ಸಿಯಲ್ಲಿ ನಾರ್ಗಿಲ್ ಎಂದರೆ ತೆಂಗಿನಕಾಯಿ, ಸಂಸ್ಕೃತದ ನಾರಿಕೇಳವೇ ಅದು. ಮೊದಲು ನೀರು ತುಂಬುತ್ತಿದ್ದದ್ದು ತೆಂಗಿನ ಕರಟದಲ್ಲಿ, ಆ ಹೆಸರು ಉಳಿಯಿತು. ಹಳೆಯ ಬಿದ್ರಿ ಹುಕ್ಕಾ ಬುಡಗಳೂ ಕಾಯಿಯಂತೆ ದುಂಡಗಿವೆ, ನೆಲದ ಮೇಲೆ ಉರುಳದಂತೆ ನಿಲ್ಲಲು ಬಳೆಯಂಥ ಒಂದು ಸಿಂಬಿ ಬೇಕಿತ್ತು. 18ನೇ ಶತಮಾನದಲ್ಲಿ ತಳ ಅಗಲವಾಗಿ ತಾನೇ ನಿಲ್ಲುವ ಗಂಟೆಯಾಕಾರ ಬಂತು. ಆದ್ದರಿಂದ ಆಕಾರ ನೋಡಿಯೇ ವಸ್ತುವಿನ ಕಾಲವನ್ನು ಸ್ವಲ್ಪಮಟ್ಟಿಗೆ ಅಂದಾಜು ಮಾಡಬಹುದು.

ಇದರಿಂದ ಕೊಳ್ಳುವವರಿಗೆ ಇನ್ನೊಂದು ಉಪಯೋಗವೂ ಇದೆ. ಬಿದ್ರಿಯನ್ನು ಬೀದರ್‌ಗೆ ತಂದದ್ದು ಬಹಮನಿ ಸುಲ್ತಾನರ ಕಾಲದ ಅಬ್ದುಲ್ಲಾ ಬಿನ್ ಕೈಸರ್ ಎಂಬ ಇರಾನಿನ ಕುಶಲಕರ್ಮಿ ಎಂಬ ಹೇಳಿಕೆ ಇದೆ. ಬಹಮನಿಗಳ ಆಳ್ವಿಕೆ 16ನೇ ಶತಮಾನದ ಮೊದಲ ಅರ್ಧದಲ್ಲೇ ಮುಗಿಯಿತು. ತಂಬಾಕು ಪೋರ್ಚುಗೀಸರ ಮೂಲಕ ದಖನ್ನಿಗೆ ಬಂದದ್ದು ಅದಾದ ಮೇಲೆ. ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಿಂದ ತಂಬಾಕು ಒಯ್ದು ಬಾದಶಹನಿಗೆ ತೋರಿಸಿದ್ದು 1604ರ ಸುಮಾರಿಗೆ, ಮೊಗಲ್ ಆಸ್ಥಾನಕ್ಕೆ ಅದು ಹೊಸ ವಸ್ತುವಾಗಿತ್ತು. ಆದ್ದರಿಂದ ಯಾರಾದರೂ ಇದು ಬಹಮನಿ ಕಾಲದ ಬಿದ್ರಿ ಹುಕ್ಕಾ ಎಂದು ಮಾರಲು ಬಂದರೆ ನಗಬಹುದು. ತಂಬಾಕೇ ಇಲ್ಲದ ಕಾಲದಲ್ಲಿ ಹುಕ್ಕಾ ಮಾಡಿದ್ದು ಯಾರಿಗಾಗಿ? ಈಗ ಉಳಿದಿರುವ ಬಿದ್ರಿಯಲ್ಲಿ ಅತಿ ಹಳೆಯವನ್ನು ತಜ್ಞರು 17ನೇ ಶತಮಾನಕ್ಕೆ ಸೇರಿಸುತ್ತಾರೆ.

ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳು ಬಿಟ್ಟು ಹೋದದ್ದು ಬೀದರ್ ಕೋಟೆಯ ರಂಗೀನ್ ಮಹಲ್. ಅಲ್ಲಿ ಕಪ್ಪು ಕಲ್ಲಿನಲ್ಲಿ ತಗ್ಗು ತೋಡಿ ಹೊಳೆಯುವ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಲೋಹವಲ್ಲ, ಬೆಳ್ಳಿಯಲ್ಲ, ಆದರೆ ಕಪ್ಪಿನಲ್ಲಿ ಬಿಳಿ ಕೂರಿಸುವ ಯೋಚನೆ ಅದೇ. ಬೀದರ್‌ಗೆ ಪ್ರವಾಸ ಹೋಗುವವರು ಅಂಗಡಿಗೆ ಹೋಗುವ ಮೊದಲು ಅದನ್ನು ನೋಡಿದರೆ ಒಳ್ಳೆಯದು ಅನ್ನಿಸುತ್ತದೆ.

ಹುಕ್ಕಾ ಬಿಟ್ಟರೆ ಪಾನ್‌ದಾನ್, ಉಗಾಲ್‌ದಾನ್, ಸುರಾಹಿ, ಕೈತೊಳೆಯುವ ಆಫ್ತಾಬಾ ಮತ್ತು ಚಿಲಮ್ಚಿ. ಅಡುಗೆಯ, ಉಣ್ಣುವ ಪಾತ್ರೆ ಇದಕ್ಕೆ ಒಗ್ಗುವುದಿಲ್ಲ. ಹುಳಿ ಪದಾರ್ಥ ಸತುವನ್ನು ಕರಗಿಸುತ್ತದೆ, ಅದು ಊಟಕ್ಕೆ ಒಳ್ಳೆಯದಲ್ಲ, ಪಾತ್ರೆಗೂ ಒಳ್ಳೆಯದಲ್ಲ.

ತಕ್ಕಡಿಯ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಒಂದು ವೆಚ್ಚದ ಪಟ್ಟಿ ಮಾಡೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು, ಮಾರುಕಟ್ಟೆಯ ಧಾರಣೆಯಲ್ಲ. ಒಂದು ಬಿದ್ರಿ ಹೂಜಿಗೆ 20 ಗ್ರಾಂ ಬೆಳ್ಳಿ, ಗ್ರಾಂಗೆ 100 ರೂಪಾಯಿಯಂತೆ 2,000. ಸತು ಮತ್ತು ತಾಮ್ರಕ್ಕೆ 300. ಇದ್ದಿಲು, ರಾಳ, ಎಣ್ಣೆ, ನವಸಾಗರಕ್ಕೆ 200. ಕೋಟೆಯ ಮಣ್ಣಿಗೆ ಸೊನ್ನೆ. ಕೆಲಸ 12 ದಿನ, ದಿನಕ್ಕೆ 600 ರೂಪಾಯಿಯಂತೆ 7,200. ಒಟ್ಟು 9,700. ಇದರಲ್ಲಿ ನೂರಕ್ಕೆ 74ರಷ್ಟು ಕೂಲಿ, ಬೆಳ್ಳಿ ನೂರಕ್ಕೆ 21ರಷ್ಟು.

ಈಗ ಬೆಳ್ಳಿಯ ಬೆಲೆ ಎರಡರಷ್ಟಾಯಿತು ಎನ್ನಿ. ನಿಯೆಲ್ಲೊ ಪೆಟ್ಟಿಗೆ ಇಟ್ಟುಕೊಂಡವರಿಗೆ ಸಂತೋಷ, ಕೂತಲ್ಲೇ ಆಸ್ತಿ ಬೆಳೆಯಿತು. ಹೂಜಿ ಮಾಡುವವರಿಗೆ 2,000 ಹೆಚ್ಚುವರಿ ಖರ್ಚು. ಅವರು ಬೆಲೆ ಏರಿಸಬೇಕು. ಗಿರಾಕಿ ಒಪ್ಪದಿದ್ದರೆ? ಸತುವಿನವರು ಬಿಡುವುದಿಲ್ಲ, ಬೆಳ್ಳಿ ಅಂಗಡಿಯವರು ಬಿಡುವುದಿಲ್ಲ. ಬಿಡಬೇಕಾದದ್ದು ತಮ್ಮ ಕೂಲಿಯನ್ನೇ. 7,200 ಇದ್ದದ್ದು 5,200 ಆಗುತ್ತದೆ, ದಿನಕ್ಕೆ 433 ರೂಪಾಯಿ. ಬೆಳ್ಳಿ ಏರಿದಷ್ಟೂ ಬೆಳ್ಳಿ ಕೂರಿಸುವವರ ಸಂಪಾದನೆ ಇಳಿಯುತ್ತದೆ. ಜೊತೆಗೆ ಬೆಳ್ಳಿಯನ್ನು ನಗದು ಕೊಟ್ಟು ಮೊದಲೇ ತರಬೇಕು, ವಸ್ತುವಿನ ಹಣ ಮಾರಾಟವಾದ ಮೇಲೆ ಬರುವುದಾದರೆ ದುಡಿಯುವ ಬಂಡವಾಳ ಅಷ್ಟು ದಿನ ಅಂಗಡಿಯ ಕಪಾಟಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಆದ್ದರಿಂದ ಬಿದ್ರಿ ಕೊಳ್ಳುವಾಗ ಇದರಲ್ಲಿ ಎಷ್ಟು ಗ್ರಾಂ ಬೆಳ್ಳಿ ಇದೆ ಎಂದು ಮಾತ್ರ ಕೇಳುವುದು ನನ್ನ ಪ್ರಕಾರ ಅರೆ ಪ್ರಶ್ನೆ. ಎಷ್ಟು ದಿನದ ಕೆಲಸ ಎಂಬುದು ಇನ್ನರ್ಧ. ನಾವು ಕೊಬ್ಬರಿಯ ಸೀಮೆಯವರು, ಕ್ವಿಂಟಲ್ ಲೆಕ್ಕ ನಮಗೆ ರಕ್ತದಲ್ಲೇ ಇದೆ. ಆದರೆ ನಾವೂ ಬರೀ ತೂಕ ನೋಡುವುದಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಒಡೆಯದೆ ಉಳಿದ ಉಂಡೆ ಕೊಬ್ಬರಿಗೂ ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗೂ ಸರ್ಕಾರವೇ ಬೇರೆ ಬೇರೆ ಬೆಂಬಲ ಬೆಲೆ ಕಟ್ಟುತ್ತದೆ.

ಮುದ್ರೆ ಇದ್ದವರು, ಇಲ್ಲದವರು

ಹಳೆಯ ರಷ್ಯನ್ ನಿಯೆಲ್ಲೊ ಪೆಟ್ಟಿಗೆಯ ತಳದಲ್ಲಿ ಸಣ್ಣ ಮುದ್ರೆಗಳಿರುತ್ತವೆ. 84 ಎಂಬ ಅಂಕಿ ಇದ್ದರೆ ಸಾವಿರಕ್ಕೆ 875 ಪಾಲು ಬೆಳ್ಳಿ ಎಂದರ್ಥ. ಜೊತೆಗೆ ಊರಿನ ಗುರುತು, ಮಾಡಿದವನ ಹೆಸರಿನ ಅಕ್ಷರ, ಕೆಲವದರಲ್ಲಿ ವರ್ಷ. ಕೊಳ್ಳುವವರಿಗೆ ಕಲೆ ಗೊತ್ತಿಲ್ಲದಿದ್ದರೂ ಮುದ್ರೆ ಓದಲು ಬಂದರೆ ಸಾಕು, ಪೂರ್ತಿ ಮೋಸ ಹೋಗುವುದಿಲ್ಲ. ಏನೂ ಇಲ್ಲದಿದ್ದರೆ ಬೆಳ್ಳಿಯ ಬೆಲೆಯಾದರೂ ಕೈಯಲ್ಲಿರುತ್ತದೆ.

ಆದರೆ ಇದೇ ಅನುಕೂಲ ಕೆಲವೊಮ್ಮೆ ಕುತ್ತು ತರುತ್ತದೆ. 1980ರ ಜನವರಿಯಲ್ಲಿ ಅಮೆರಿಕದಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ 50 ಡಾಲರ್ ಸಮೀಪಕ್ಕೆ ಹೋದಾಗ ಜನ ಮನೆಯ ಹಳೆಯ ಬೆಳ್ಳಿ ಸಾಮಾನುಗಳನ್ನು ಕರಗಿಸಲು ಕೊಟ್ಟರು. ಕೆಲಸ ಎಷ್ಟು ಚೆನ್ನಾಗಿದೆ ಎಂದು ಕುಲುಮೆ ಕೇಳುವುದಿಲ್ಲ.

ಬಿದ್ರಿಗೆ ಬೆಳ್ಳಿಯ ಹಾಲ್‌ಮಾರ್ಕ್ ಹೊಂದುವುದಿಲ್ಲ, ಏಕೆಂದರೆ ಅದು ಬೆಳ್ಳಿ ವಸ್ತುವೇ ಅಲ್ಲ. ಹಳೆಯ ಬಿದ್ರಿಯಲ್ಲಿ ಮಾಡಿದವರ ಹೆಸರೂ ಸಾಮಾನ್ಯವಾಗಿ ಇರುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇರುವ ಸೊಗಸಾದ ವಸ್ತುಗಳನ್ನು ಮಾಡಿದವರು ಬೀದರ್‌ನ ಮುಸ್ಲಿಮರೋ ಲಿಂಗಾಯತರೋ, ಎರಡೂ ಸಮುದಾಯದವರು ಈ ಕೆಲಸದಲ್ಲಿದ್ದರು, ಅವರ ಹೆಸರು ಫಲಕದಲ್ಲಿ ಕಾಣುವುದಿಲ್ಲ. ಹೀಗಾಗಿ ಬಿದ್ರಿಯ ಬೆಲೆ ನಿಂತಿರುವುದು ಪೂರ್ತಿಯಾಗಿ ನೋಡುವವರ ತಿಳಿವಳಿಕೆಯ ಮೇಲೆ. ತಿಳಿದವರು ಇರುವವರೆಗೆ ಅದು ಕಲಾವಸ್ತು, ಇಲ್ಲದ ಮನೆಯಲ್ಲಿ ಅದು ಗುಜರಿ.

ಇದು ಬರೀ ಮಾತಲ್ಲ. ನಮ್ಮ ನೆಂಟರ ಮನೆಯೊಂದರಲ್ಲಿ ನಾನಿಯ ಕಾಲದ ಒಂದು ಉಗಾಲ್‌ದಾನ್ ಇತ್ತು. ಪ್ರತಿ ಈದ್‌ಗೆ ಹಿತ್ತಾಳೆ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಬೂದಿ ಹಾಕಿ ತಿಕ್ಕುತ್ತಿದ್ದರು. ಹುಳಿಗೆ ಕಪ್ಪು ಬಿಟ್ಟಿತು, ಬೂದು ಬಣ್ಣ ಬಂತು, ಬೆಳ್ಳಿಯ ಹೂವು ಕಾಣದಾಯಿತು. ಒಂದು ದಿನ ಹಳೆ ಸಾಮಾನಿನವರು ಬಂದಾಗ ತೂಕಕ್ಕೆ ಹಾಕಿ ಪ್ಲಾಸ್ಟಿಕ್ ಬಕೆಟ್ ತೆಗೆದುಕೊಂಡರು. ಬಕೆಟ್ ಇನ್ನೂ ಇದೆ.

ಹೊಸ ಬಿದ್ರಿಗೆ ಈಗ ಒಂದು ರಕ್ಷಣೆ ಇದೆ. 1999ರ ಭೌಗೋಳಿಕ ಸೂಚಕಗಳ ಕಾಯ್ದೆಯಡಿ 2006ರಲ್ಲಿ ಬಿದ್ರಿಗೆ ಜಿ.ಐ. ಮಾನ್ಯತೆ ಸಿಕ್ಕಿತು. ಬೀದರ್‌ನದಲ್ಲದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಟ್ರೇಡ್‌ಮಾರ್ಕ್ ಒಬ್ಬ ಮಾಲೀಕನದಾದರೆ ಜಿ.ಐ. ಒಂದು ಸೀಮೆಯ ಎಲ್ಲ ತಯಾರಕರದು, ಅದನ್ನು ಹೊರಗಿನವರಿಗೆ ಮಾರಲು ಬರುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೆ ಜಿ.ಐ. ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ. ಮೇಲಿನ ಪಟ್ಟಿಯ 433 ರೂಪಾಯಿಯನ್ನು 600ಕ್ಕೆ ಏರಿಸುವ ಶಕ್ತಿ ಅದಕ್ಕಿಲ್ಲ. ಬೀದರ್‌ನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಬಿದ್ರಿ ಮಾಡುವವರ ಹೆಸರೊಂದು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಹೆಸರಿಲ್ಲದೆ ಇಷ್ಟು ಶತಮಾನ ನಡೆದ ಕೆಲಸಕ್ಕೆ ಅದು ಸಣ್ಣ ವಿಷಯವಲ್ಲ. ಈಗ ಮಾಡುವ ವಸ್ತುಗಳ ತಳದಲ್ಲಿ ಮಾಡಿದವರ ಹೆಸರು ಕೊರೆಯುವುದು ಪದ್ಧತಿಯಾದರೆ, ಮುಂದೆ ಸಂಗ್ರಾಹಕರು ಆ ಹೆಸರಿಗೂ ಬೆಲೆ ಕಟ್ಟುತ್ತಾರೆ ಎಂದು ನನಗನ್ನಿಸುತ್ತದೆ.

ಕೊಳ್ಳುವವರಿಗೆ, ಮನೆಯಲ್ಲಿ ಇರುವವರಿಗೆ

ಅಸಲಿ ನಕಲಿ ನೋಡುವುದು ಕಷ್ಟವೇನಲ್ಲ. ಅಲ್ಯೂಮಿನಿಯಂಗೆ ಕಪ್ಪು ಬಣ್ಣ ಬಳಿದು ಮಾಡಿದ ವಸ್ತು ಎತ್ತಿದರೇ ಗೊತ್ತಾಗುತ್ತದೆ. ಒಂದೇ ಗಾತ್ರದ ಸತುವಿನ ಮುಂದೆ ಅದರ ತೂಕ ಅರ್ಧಕ್ಕಿಂತ ಕಡಿಮೆ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ, ಬಿದ್ರಿಗೆ ಅಂಟುವುದಿಲ್ಲ. ಬಣ್ಣವಾದರೆ ಅಂಚಿನಲ್ಲಿ ಸಿಪ್ಪೆಯಂತೆ ಏಳುತ್ತದೆ, ಬಿದ್ರಿಯ ಕಪ್ಪು ಸವೆದು ಬೂದಾಗುತ್ತದೆ ಹೊರತು ಸಿಪ್ಪೆ ಏಳುವುದಿಲ್ಲ. ಬೆಳ್ಳಿಯ ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ತುಂಡು ತುಂಡು ತಂತಿ ಸೇರುವ ಜಾಗ ಕಾಣಬೇಕು. ಎಲ್ಲ ಹೂವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಥರ ಇದ್ದರೆ ಯಂತ್ರದ್ದೆಂದು ಅನುಮಾನಿಸಿ.

100 ವರ್ಷ ದಾಟಿದ ಬಿದ್ರಿ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಗಲ್ಫ್‌ನಲ್ಲಿರುವ ನೆಂಟರಿಗೆ ಉಡುಗೊರೆ ಕೊಡಬೇಕೆಂದಿದ್ದರೆ ಹೊಸದನ್ನು ಕೊಳ್ಳಿ, ರಸೀದಿ ಜೊತೆಗಿಟ್ಟು ಕಳಿಸಿ.

ಮನೆಯಲ್ಲಿ ಹಳೆಯದು ಇದ್ದರೆ ಹುಣಸೆಹಣ್ಣು, ನಿಂಬೆ, ಪೀತಾಂಬರಿ ಯಾವುದನ್ನೂ ಮುಟ್ಟಿಸಬೇಡಿ. ಮೆತ್ತನೆ ಒಣ ಬಟ್ಟೆ ಸಾಕು. ಬೀಳಿಸಬೇಡಿ, ಎರಕದ ಸತು ಹಿತ್ತಾಳೆಯಂತೆ ನೆಗ್ಗುವುದಿಲ್ಲ, ಒಡೆಯುತ್ತದೆ. ಬೆಳ್ಳಿಯ ಚೂರು ಕಿತ್ತು ಬಂದರೆ ಅಂಟು ಹಾಕಬೇಡಿ, ಬಿಸಾಡಲೂ ಬೇಡಿ. ಕಾಗದದಲ್ಲಿ ಮಡಿಸಿ ಅದೇ ಪಾತ್ರೆಯೊಳಗೆ ಇಟ್ಟರೆ ಬಲ್ಲವರು ಮತ್ತೆ ಕೂರಿಸಿ ಕೊಡುತ್ತಾರೆ. ಆ ಕಾಗದದ ಮೇಲೆಯೇ ವಸ್ತು ಯಾರ ಕಾಲದ್ದು, ಯಾವ ಊರಿಂದ, ಯಾರ ಮದುವೆಗೆ ಬಂದದ್ದು ಎಂದು ದಾದಿಯನ್ನೋ ನಾನಿಯನ್ನೋ ಕೇಳಿ ಬರೆದಿಡಿ. ಸಂಗ್ರಾಹಕರು ಕಪ್ಪು, ಬೆಳ್ಳಿ ನೋಡಿದ ಮೇಲೆ ಕೇಳುವುದು ಅದನ್ನೇ.